ತೆಳು ಅಟ್ಟೆಯ ಮೂವತ್ತು ದಿನ

ಈ ಭೂಮಿಯ ಮೇಲೆ ಮನುಷ್ಯನ ಪಾದದ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಇರಬಹುದು. ಆಂಟಾಪ್ ಹಿಲ್‌ನಲ್ಲಿ ಮಾತ್ರ ಇಲ್ಲ. ಮೂವತ್ತೈದು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದವಳು ನಾನು. ಒಂದು ಪಾದಕ್ಕೆ ಇಪ್ಪತ್ತಾರು ಎಲುಬು, ಮೂವತ್ತಮೂರು ಕೀಲು; ಕತ್ತಲೆ ಕೋಣೆಯಲ್ಲಿ ಕೈಗೆ ಕೊಟ್ಟರೂ ಒಂದೊಂದನ್ನೂ ಹೆಸರು ಹಿಡಿದು ಕರೆಯಬಲ್ಲೆ. ಆದ್ದರಿಂದ ಅರವತ್ತೆಂಟನೆಯ ವಯಸ್ಸಿನಲ್ಲಿ ನಾನು ಓಡಲು ಶುರು ಮಾಡುತ್ತೇನೆ, ಅದೂ ಅಟ್ಟೆ ಇದೆಯೋ ಇಲ್ಲವೋ ಎಂಬಂಥ ಬರಿಗಾಲ ಬೂಟಿನಲ್ಲಿ ಓಡುತ್ತೇನೆ ಎಂದು ಸಾರಿದಾಗ ನನಗೆ ಕಿಂಚಿತ್ತೂ ಅಳುಕಿರಲಿಲ್ಲ.

ಸಾರಬೇಕಾಗಿ ಬಂದದ್ದು ಮನೆಯ ಕಾರಣಕ್ಕೆ. ನಮ್ಮದು ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗಿನ ನಾಲ್ಕನೇ ಮಹಡಿ. ಎಪ್ಪತ್ತೆರಡು ಮೆಟ್ಟಿಲು. ಮೇಲೆ ಗಾಳಿಯಿದೆ, ಬೆಳಕಿದೆ, ಮೂರು ಗೋಡೆ ತುಂಬ ನನ್ನ ಪುಸ್ತಕಗಳಿವೆ. ನನ್ನ ಪತಿ ಕಾಶಿನಾಥರಿಗೆ ಮಾತ್ರ ಅಲ್ಲಿ ಮೊಣಕಾಲು ನೋವೊಂದೇ ಇದೆ. ಗ್ರೌಂಡ್ ಫ್ಲೋರಿನ ವಾರಿಜಾಳ ಮನೆಗೆ ಎರಡು ವರ್ಷದಿಂದ ಮಳೆನೀರು ನುಗ್ಗುತ್ತಿದೆ. ಅವಳ ಫ್ರಿಜ್ಜು ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಟ್ಟಿಗೆಗಳ ಮೇಲೆ ನಿಂತಿರುತ್ತದೆ. ಮನೆ ಅದಲು ಬದಲು ಮಾಡಿಕೊಳ್ಳೋಣವೇ ಎಂದು ಅವಳು ಕೇಳಿದಳು. ಕಾಶಿನಾಥರು ಮನಸ್ಸಿನಲ್ಲಿ ಆಗಲೇ ಸಾಮಾನು ಕಟ್ಟಿಬಿಟ್ಟಿದ್ದರು.

"ಇವತ್ತು ನನ್ನ ಕಾಲು, ನಾಳೆ ನಿನ್ನ ಕಾಲು," ಎಂದರು. "ವಯಸ್ಸು ಯಾರನ್ನ ಬಿಟ್ಟೇದ?"

"ವಯಸ್ಸಿನ ತಪ್ಪಲ್ಲರೀ ಅದು. ಬೂಟಿಂದು. ಮೆತ್ತನ್ನ ಗಾದಿ ಹಾಕಿದ ಬೂಟಿನೊಳಗ ನಲವತ್ತು ವರ್ಷ ಕಾಲನ್ನ ಮಲಗಿಸಿ ಇಟ್ಟೀರಿ. ಮಲಗಿದ ಕಾಲು ಮೆಟ್ಟಲಾ ಹೆಂಗ ಏರೀತು?"

"ಹಂಗಾದ್ರ ನೀ ಎಬ್ಬಿಸಿ ತೋರಿಸು."

ತೋರಿಸುತ್ತೇನೆ ಎಂದೆ. ಷರತ್ತು ಊಟದ ಮೇಜಿನ ಮೇಲೇ ಗೊತ್ತಾಯಿತು. ಮೇ ತಿಂಗಳಲ್ಲಿ ಮೂವತ್ತು ದಿನ, ಒಂದೂ ದಿನ ತಪ್ಪದೆ, ನಾನು ನಮ್ಮ ಕಾಲೊನಿಯಿಂದ ಮಾಟುಂಗಾದ ಫೈವ್ ಗಾರ್ಡನ್ಸ್‌ಗೆ ಓಡಿ ಹಿಂತಿರುಗಬೇಕು. ಓಡಿದರೆ ನಾಲ್ಕನೇ ಮಹಡಿ ನಮ್ಮದೇ. ಒಂದು ದಿನ ತಪ್ಪಿದರೆ, ಅಥವಾ ಒಂದೇ ಒಂದು ದಿನ ಕುಂಟಿದರೆ, ಕೆಳಗಿನ ಮನೆ. ಮಳೆಗಾಲಕ್ಕೆ ಮೊದಲು ಉತ್ತರ ಬೇಕೆಂದಿದ್ದ ವಾರಿಜಾ ಮೇ ಮುಗಿಯುವವರೆಗೆ ಕಾಯಲು ಒಪ್ಪಿದಳು.

ಬೂಟು ಕೊಳ್ಳಲು ಬಾಂದ್ರಾಕ್ಕೆ ಹೋದೆ. ಅಂಗಡಿಯ ಹುಡುಗಿ ಒಂದು ಜೊತೆ ತಂದು ತೋರಿಸಿದಳು. ಅಟ್ಟೆಯ ದಪ್ಪ ನಮ್ಮ ಮನೆಯ ಚಪಾತಿಗಿಂತ ಕಡಿಮೆ. ಬೆರಳುಗಳಿಗೆ ಕೈಕಾಲು ಚಾಚುವಷ್ಟು ಅಗಲ ಜಾಗ. ಒಂದು ಬೂಟನ್ನು ಮಡಿಚಿ ಪರ್ಸಿನಲ್ಲಿ ಇಟ್ಟುಕೊಳ್ಳಬಹುದು. ನನಗೆ ಬಹಳ ಹಿಡಿಸಿತು.

"ಆಂಟಿ, ಪೆಹಲೇ ದೋ ಹಫ್ತೆ ಸಿರ್ಫ್ ಚಲನಾ," ಎಂದಳು ಹುಡುಗಿ. "ದೌಡ್ನಾ ಬಿಲ್ಕುಲ್ ನಹೀಂ. ಫಿರ್ ಆಧಾ ಕಿಲೋಮೀಟರ್. ಫಿರ್ ಧೀರೇ ಧೀರೇ."

ಎರಡು ವಾರ ಬರೀ ನಡಿಗೆ, ಆಮೇಲೆ ಅರ್ಧ ಕಿಲೋಮೀಟರ್. ಡಬ್ಬಿಯೊಳಗಿನ ಚೀಟಿಯಲ್ಲೂ ಅದೇ ಬರೆದಿತ್ತು, ಆರು ಭಾಷೆಗಳಲ್ಲಿ. ನಾನು ಅವಳಿಗೆ ಶಾಂತವಾಗಿ ತಿಳಿಸಿದೆ: ಮಗೂ, ಆ ಸೂಚನೆ ಪಾದದೊಳಗೆ ಏನಿದೆ ಎಂದು ಗೊತ್ತಿಲ್ಲದವರಿಗೆ. ಹುಡುಗಿ "ಓಕೆ ಆಂಟಿ" ಎಂದು ಬಿಲ್ ಮಾಡಿದಳು.

ಮನೆಗೆ ಬಂದವಳೇ ತೊಟ್ಟುಕೊಂಡು ಒಳಗೆ ಕಾಲಿಟ್ಟೆ. ಕಾಶಿನಾಥರು ಪೇಪರಿನಿಂದ ಕಣ್ಣೆತ್ತಿದರು.

"ಬೂಟು ಹೊರಗ."

"ಇದು ಬೂಟಲ್ಲ. ಪಾದದ ಎರಡನೇ ಚರ್ಮ."

"ಹೌದೇನು? ಎರಡನೇ ಚರ್ಮ ಬಾಗಿಲ ಹೊರಗ ಬಿಡು. ಮೊದಲನೇ ಚರ್ಮ ತೊಳಕೊಂಡು ಒಳಗ ಬಾ."

ಮೊದಲ ದಿನ ನಾಲ್ಕು ಕಿಲೋಮೀಟರ್ ಓಡಿದೆ. ಹಿಮ್ಮಡಿ ನೆಲಕ್ಕೆ ತಾಗಿಸದೆ ಮುಂಗಾಲಿನ ಮೇಲೆ, ಪುಸ್ತಕದಲ್ಲಿ ಹೇಳಿದ ಹಾಗೆ. ವಡಾಲಾ ಸೇತುವೆಯ ಡಾಂಬರಿನ ಒಂದೊಂದು ಹರಳೂ ನನಗೆ ತನ್ನ ಪರಿಚಯ ಹೇಳಿಕೊಂಡಿತು. ಇಪ್ಪತ್ತಾರೂ ಎಲುಬುಗಳು ನಲವತ್ತು ವರ್ಷದ ನಿದ್ದೆಯಿಂದ ಎದ್ದು ಹಾಜರಿ ಕೊಟ್ಟವು. ಮನೆಗೆ ಬಂದು ಎಪ್ಪತ್ತೆರಡು ಮೆಟ್ಟಿಲನ್ನು ನಿಲ್ಲದೆ ಏರಿ, ಕಾಶಿನಾಥರ ಮುಂದೆ ನಿಂತು, ಒಂದೂ ಮಾತಾಡದೆ ಒಂದು ಲೋಟ ನೀರು ಕುಡಿದೆ. ಮಾತಿಗಿಂತ ಅದು ಹೆಚ್ಚು ಚುಚ್ಚಿತೆಂದು ನನ್ನ ಅಂದಾಜು.

ಎರಡನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ ನನ್ನ ಮೀನಖಂಡಗಳ ಜಾಗದಲ್ಲಿ ಯಾರೋ ಎರಡು ರುಬ್ಬುಗುಂಡು ಕಟ್ಟಿಹೋಗಿದ್ದರು.

ಸಮತಟ್ಟಾದ ನೆಲದಲ್ಲಿ ಹೇಗೋ ನಡೆಯಬಹುದಾಗಿತ್ತು. ಮೆಟ್ಟಿಲು ಇಳಿಯುವುದು ಸಾಧ್ಯವೇ ಇರಲಿಲ್ಲ. ಮೊದಲ ಮೆಟ್ಟಿಲಿಗೇ ಕಣ್ಣಲ್ಲಿ ನೀರು ಬಂತು. ಆದರೆ ವಿಜ್ಞಾನ ಗೊತ್ತಿದ್ದವರಿಗೆ ದಾರಿಯೂ ಗೊತ್ತಿರುತ್ತದೆ. ಹಿಮ್ಮುಖವಾಗಿ ಇಳಿದರೆ ಮೀನಖಂಡ ಎಳೆಯುವುದಿಲ್ಲ. ಐದೂವರೆಗೆ, ಬಿಲ್ಡಿಂಗ್ ಇನ್ನೂ ಮಲಗಿರುವಾಗ, ಎರಡೂ ಕೈಯಿಂದ ಕಟಕಟೆ ಹಿಡಿದು, ನಮ್ಮ ಬಾಗಿಲಿಗೆ ಮುಖಮಾಡಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದೆ. ಕೆಳಗೆ ತಲುಪಿ ತಿರುಗಿದರೆ, ವಾರಿಜಾಳ ಅತ್ತೆ ಅಪ್ಪಿ ತಮ್ಮ ಬಾಗಿಲ ಹೊರಗೆ ಕುರ್ಚಿ ಹಾಕಿ ಕುಳಿತಿದ್ದಾರೆ. ಎಂಬತ್ತೊಂದು ವರ್ಷ. ಕಣ್ಣು ಹದ್ದಿನದು.

"ಎಂತ ಟೀಚರಮ್ಮಾ, ಹಿಂದೆ ಹಿಂದೆ ಇಳಿಯುದು?"

"ವ್ಯಾಯಾಮ," ಎಂದೆ.

"ಹೋ," ಎಂದರು ಅವರು. ಆ "ಹೋ" ಬಹಳ ಉದ್ದವಾಗಿತ್ತು.

ಆ ದಿನವೂ ಓಡಿದೆ. ಮರುದಿನವೂ. ಹತ್ತನೆಯ ದಿನಕ್ಕೆ ರುಬ್ಬುಗುಂಡುಗಳು ಕರಗಿ ಮತ್ತೆ ಮಾಂಸವಾದವು. ನಾನು ಗೆದ್ದೆ ಎಂದುಕೊಂಡೆ. ಇಳಿಯುವುದು ಹಿಮ್ಮುಖವಾಗಿಯೇ ಇತ್ತು, ಆದರೆ ಅದನ್ನು ಎಚ್ಚರಿಕೆ ಎಂದು ಕರೆದುಕೊಂಡೆ. ಅಪ್ಪಿ ದಿನವೂ ಕುರ್ಚಿಯಲ್ಲಿ ಇರುತ್ತಿದ್ದರು. ಈಗ ಅವರು ಏನೂ ಕೇಳುತ್ತಿರಲಿಲ್ಲ, ಬರೀ ನೋಡುತ್ತಿದ್ದರು.

ಹತ್ತೊಂಬತ್ತನೆಯ ದಿನ ಎಡಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಪಕ್ಕದ ಬೆರಳಿನ ಹಿಂದೆ, ಒಂದು ನೋವು ಶುರುವಾಯಿತು. ಹೆಸರುಬೇಳೆಯಷ್ಟು ಜಾಗ. ಹೆಬ್ಬೆಟ್ಟಿನಿಂದ ಒತ್ತಿ ನೋಡಿದೆ. ಎರಡನೆಯ ಉದ್ದೆಲುಬು. ಅಭ್ಯಾಸವಿಲ್ಲದ ಎಲುಬಿನ ಮೇಲೆ ಒಮ್ಮೆಲೇ ಭಾರ ಹಾಕಿದರೆ ಅಲ್ಲಿಯೇ ಕೂದಲೆಳೆಯ ಬಿರುಕು ಬೀಳುತ್ತದೆ. ಹೊಸದಾಗಿ ಸೈನ್ಯಕ್ಕೆ ಸೇರಿದ ಹುಡುಗರನ್ನು ಮೈಲಿಗಟ್ಟಲೆ ನಡೆಸಿದಾಗ ಹೀಗಾಗುತ್ತದೆ ಎಂದು ಪ್ರತಿ ವರ್ಷ ಜುಲೈ ತಿಂಗಳಲ್ಲಿ ನೂರು ಮಕ್ಕಳಿಗೆ ನಾನೇ ಹೇಳುತ್ತಿದ್ದೆ. ಈಗ ಅದೇ ಜಾಗದ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡು, ಇದು ಅದಲ್ಲ ಎಂದು ತೀರ್ಮಾನಿಸಿದೆ. ಬೇರೆ ಯಾರಾದರೂ ಹಾಗೆ ತೀರ್ಮಾನಿಸಿದ್ದರೆ ಅವರನ್ನು ಫೇಲ್ ಮಾಡುತ್ತಿದ್ದೆ.

ಉಳಿದದ್ದು ಹನ್ನೊಂದು ದಿನ. ನೋವು ಬಚ್ಚಿಡಬಹುದು. ಸಮಸ್ಯೆ ಕಾಶಿನಾಥರ ಕಿವಿ.

ಅವರು ರೈಲ್ವೆಯಲ್ಲಿ ಬೋಗಿ ತಪಾಸಣೆ ಮಾಡುತ್ತಿದ್ದವರು. ಮೂವತ್ತು ವರ್ಷ ಯಾರ್ಡಿನಲ್ಲಿ ಸುತ್ತಿಗೆ ಹಿಡಿದು ಗಾಲಿಗಳಿಗೆ ಬಡಿದು ಸಪ್ಪಳ ಕೇಳಿದವರು. ಗಟ್ಟಿ ಗಾಲಿ ಗಂಟೆಯ ಹಾಗೆ ಮೊಳಗುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಕೂಗುತ್ತದೆ. ಆ ಕಿವಿ ನಿವೃತ್ತಿಯಾಗಿರಲಿಲ್ಲ. ಅಂದು ಸಂಜೆ ಹಾಲ್‌ನಿಂದ ಅಡುಗೆಮನೆಗೆ ಹೋಗುವಾಗ ಅವರು ಪೇಪರಿನ ಹಿಂದಿನಿಂದ ಹೇಳಿದರು:

"ಒಂದು ಗಾಲಿ ಬ್ಯಾರೆ ಸಪ್ಪಳ ಮಾಡ್ಲಿಕ್ಕತ್ತೇದ."

"ಯಾವ ಗಾಲಿ?"

"ಎಡಗಡಿ ಮುಂದಿಂದು."

"ಟೈಲ್ಸ್ ಸಡಿಲ ಆಗ್ಯಾವ," ಎಂದೆ.

"ಹಾಂ, ಇರಬೇಕು," ಎಂದು ಪುಟ ತಿರುಗಿಸಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಯುದ್ಧದ ವಾತಾವರಣ. ಎರಡೂ ಪಾದ ಒಂದೇ ಸಪ್ಪಳ ಮಾಡಬೇಕೆಂದರೆ ಎಡಗಾಲಿನ ಮೇಲೆ ಪೂರ್ತಿ ಭಾರ ಹಾಕಲೇಬೇಕು. ಹಾಕಿದರೆ ಮುಖದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಮುಖವನ್ನು ಅವರ ಕಡೆ ತಿರುಗಿಸದೆ ನಡೆದೆ. ಅದೂ ಆಗದಾಗ ಬೇರೆ ಸಪ್ಪಳದ ಮರೆ ಹುಡುಕಿದೆ. ಕುಕ್ಕರ್ ಕೂಗುವವರೆಗೆ ಅಡುಗೆಮನೆಯಲ್ಲೇ ನಿಂತು, ಕೂಗಿದೊಡನೆ ಆ ಕೂಗಿನೊಳಗೆ ಹಾಲ್ ದಾಟಿ ಮಲಗುವ ಕೋಣೆ ಸೇರುತ್ತಿದ್ದೆ. ಮೂರು ಸೀಟಿಗೆ ಎರಡು ಸಲ ಹೋಗಿ ಬರಬಹುದು. ಕುಕ್ಕರ್ ಇಲ್ಲದ ಹೊತ್ತಿಗೆ ಮಿಕ್ಸರ್. ಅದನ್ನು ಚಾಲೂ ಮಾಡಿ ಬಿಟ್ಟು ಬಾಲ್ಕನಿಗೆ ಹೋಗಿ ಬಟ್ಟೆ ತೆಗೆದು ಬರುತ್ತಿದ್ದೆ. ಆ ವಾರ ನಮ್ಮ ಮನೆಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಪುಟಾಣಿ ಚಟ್ನಿ, ಹೀರೇಕಾಯಿ ಸಿಪ್ಪೆ ಚಟ್ನಿ ತಯಾರಾದವು. ಕಾಶಿನಾಥರು ಎಲ್ಲವನ್ನೂ ತುಪ್ಪ ಹಾಕಿಕೊಂಡು ತಿಂದರು.

ಇಪ್ಪತ್ತಾರನೆಯ ದಿನ ವಾರಿಜಾ ಅಳತೆಯ ಟೇಪು ಹಿಡಿದು ಮೇಲೆ ಬಂದಳು.

"ಮೇಡಮ್, ಬೇಜಾರು ಮಾಡ್ಕೊಬೇಡಿ ಆಯ್ತಾ. ನೀವು ಗೆಲ್ಲಬಹುದು, ಅದು ಬೇರೆ ವಿಷಯ. ಒಂದು ವೇಳೆ ಅಂತ. ಫ್ರಿಜ್ಜು ಎಲ್ಲಿ ಕೂತ್ಕೊಳ್ತದೆ ಅಂತ ನೋಡುವಾ ಅಂತ ಬಂದದ್ದು."

"ತೋರಸು ಅವರಿಗೆ," ಎಂದರು ಕಾಶಿನಾಥರು. ಪೇಪರು ಮಡಿಚಿ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿದರು. ಕೇಳಲು ಸಿದ್ಧರಾದಾಗ ಅವರು ಕಣ್ಣು ಮುಚ್ಚುತ್ತಾರೆ.

ಹಾಲ್‌ನಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ. ಒಲೆಯ ಮೇಲೆ ಕುಕ್ಕರ್ ಇರಲಿಲ್ಲ. ಫ್ಯಾನು ಕೂಡ ಕರೆಂಟಿಲ್ಲದೆ ನಿಂತಿತ್ತು. ಬಿಲ್ಡಿಂಗಿಗೆ ಬಿಲ್ಡಿಂಗೇ ಉಸಿರು ಬಿಗಿಹಿಡಿದು ನನ್ನ ಎಡಗಾಲನ್ನು ಕಾಯುತ್ತಿರುವ ಹಾಗಿತ್ತು. ನಾನು ಎದ್ದೆ. ಒಂದು, ಎರಡು, ಮೂರು. ಎಡ ಬಲ ಒಂದೇ ತೂಕ. ನಾಲ್ಕು, ಐದು. ಬೆನ್ನಿನಲ್ಲಿ ಬೆವರು ಇಳಿಯಿತು. ಆರನೆಯ ಹೆಜ್ಜೆಗೆ ಹೆಸರುಬೇಳೆ ಕಡಲೆಕಾಳಾಯಿತು. ಏಳು, ಎಂಟು. ವಾರಿಜಾ ಹಿಂದಿನಿಂದ ನನ್ನ ಕಾಲನ್ನೇ ನೋಡುತ್ತಿದ್ದಾಳೆಂದು ಕುತ್ತಿಗೆಗೆ ಗೊತ್ತಾಗುತ್ತಿತ್ತು. ಹನ್ನೊಂದಕ್ಕೆ ಅಡುಗೆಕಟ್ಟೆ ಕೈಗೆ ಸಿಕ್ಕಿತು. ಅದನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಇಲ್ಲಿ," ಎಂದೆ. ಧ್ವನಿ ನಡುಗಲಿಲ್ಲ.

"ಜಾಗ ಬೇಕಾದಷ್ಟು ಉಂಟು," ಎಂದಳು ವಾರಿಜಾ, ಆದರೆ ಟೇಪು ಬಿಚ್ಚಲಿಲ್ಲ. "ಮೇಡಮ್, ಒಂದು ಕೇಳ್ಲಾ? ಈ ಮೆಟ್ಟಿಲು ದಿನಾ ಹತ್ತಿ ಇಳಿದು ನಿಮಗೆ ಎಂತದೂ ಆಗುದಿಲ್ವಾ?"

"ಏನೂ ಆಗುವುದಿಲ್ಲ."

"ಹೌದಾ," ಎಂದಳು. ಟೇಪನ್ನು ಬಿಚ್ಚದೆಯೇ ತೆಗೆದುಕೊಂಡು ಕೆಳಗೆ ಹೋದಳು. ನಾನು ಅದನ್ನು ನನ್ನ ಗೆಲುವಿನ ಮುನ್ಸೂಚನೆ ಎಂದು ಭಾವಿಸಿದೆ.

ಮೂವತ್ತನೆಯ ದಿನ ಕಾಶಿನಾಥರು ತಾವೂ ಬರುತ್ತೇನೆಂದರು. ಕೊನೆಯ ಓಟವನ್ನು ಕಣ್ಣಾರೆ ನೋಡಬೇಕಂತೆ. ಟ್ಯಾಕ್ಸಿ ಹಿಡಿದು ನನಗಿಂತ ಮೊದಲೇ ಫೈವ್ ಗಾರ್ಡನ್ಸ್ ತಲುಪಿ ಬೆಂಚಿನ ಮೇಲೆ ಕುಳಿತಿದ್ದರು. ಅಲ್ಲಿ ಒಂದು ಸುತ್ತು ಹಾಕಿ ಅವರ ಮುಂದೆ ಹಾಯ್ದು ಮನೆಯ ದಾರಿ ಹಿಡಿಯಬೇಕು. ಸುತ್ತಿನ ಮೂರು ಪಾಲು ಮುಗಿಸಿದೆ. ಬೆಳಗಿನ ವಾಕಿಂಗಿನ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನನ್ನ ಮುಖ ಹಾಗಿದ್ದಿರಬೇಕು. ಬೆಂಚು ಕಾಣಿಸಿತು. ಐವತ್ತು ಹೆಜ್ಜೆ. ನಲವತ್ತು. ನನ್ನ ಪುಸ್ತಕಗಳು, ನನ್ನ ಕಿಟಕಿ, ನನ್ನ ಗಾಳಿ. ಮೂವತ್ತು.

ಟಕ್ ಎಂದಿತು.

ಪಾದದೊಳಗೆ ಯಾರೋ ಒಣ ಕಡ್ಡಿ ಮುರಿದ ಹಾಗೆ. ನಾನು ನಿಂತೆ. ಮುಂದಿನ ಹೆಜ್ಜೆ ಎಂಬುದೇ ಇರಲಿಲ್ಲ. ಮೂವತ್ತು ಹೆಜ್ಜೆ ದೂರದ ಬೆಂಚಿನಲ್ಲಿ ಕಾಶಿನಾಥರು ಕಣ್ಣು ತೆರೆದು ಎದ್ದು ನಿಂತಿದ್ದರು.

"ನಿಲ್ಲು, ಅಲುಗಾಡಬ್ಯಾಡ," ಎಂದು ಕೂಗಿದರು. "ಗಾಲಿ ಒಡೀತು."

ಟ್ಯಾಕ್ಸಿಯಲ್ಲಿ ಎಲುಬಿನ ಡಾಕ್ಟರ ಹತ್ತಿರ ಹೋದೆವು. ಅಲ್ಲಿ ಕುಳಿತಿದ್ದವಳು ವಂದನಾ, ನನ್ನ ಹಳೆಯ ವಿದ್ಯಾರ್ಥಿನಿ. ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಅವಳನ್ನು ನಾನು ಫೇಲ್ ಮಾಡಿದ್ದೆ. ಪಾದದ ಪ್ರಶ್ನೆಗೇ. ಎಕ್ಸ್‌ರೇಯನ್ನು ಅವಳು ದೀಪದ ಮುಂದೆ ಹಿಡಿದಳು. ಪಕ್ಕದಲ್ಲಿ ಮೂವರು ಎಳೆಯ ಡಾಕ್ಟರುಗಳು ಟಿಪ್ಪಣಿ ಪುಸ್ತಕ ಹಿಡಿದು ನಿಂತಿದ್ದರು.

"ಮೇಡಮ್, ಯಾವ ಎಲುಬು ಅಂತ ಇವರಿಗೆ ನೀವೇ ಹೇಳ್ತೀರಾ?"

"ಎರಡನೆಯ ಉದ್ದೆಲುಬು."

"ಕಾರಣ?"

"ಅಭ್ಯಾಸವಿಲ್ಲದ ಭಾರ."

"ಮೊದಲನೇ ದಿನ ಎಷ್ಟು ಓಡಿದ್ರಿ ಮೇಡಮ್?"

"ನಾಲ್ಕು ಕಿಲೋಮೀಟರ್."

"ಓಡಬೇಕಾದದ್ದು?"

ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡಿದೆ. "ಸೊನ್ನೆ."

ಮೂರೂ ಪೆನ್ನುಗಳು ಬರೆದುಕೊಂಡವು. ವಂದನಾ ನಗಲಿಲ್ಲ. ಅಷ್ಟರಮಟ್ಟಿಗೆ ಅವಳನ್ನು ನಾನು ಚೆನ್ನಾಗಿ ಬೆಳೆಸಿದ್ದೆ. ನನ್ನ ಎಡಗಾಲಿಗೆ ಮೊಣಕಾಲವರೆಗಿನ ಒಂದು ಬೂಟು ತೊಡಿಸಿದಳು. ಅದರ ಅಟ್ಟೆ ನಾಲ್ಕು ಬೆರಳು ದಪ್ಪ, ಒಳಗೆಲ್ಲ ಮೆತ್ತನೆಯ ಗಾದಿ.

"ಆರು ವಾರ ಈ ಕಾಲ ಮೇಲೆ ಭಾರ ಬೀಳಬಾರದು. ಮನೆ ಗ್ರೌಂಡ್ ಫ್ಲೋರ್ ಇದ್ರೆ ಭಾಳ ಚಲೋ," ಎಂದಳು.

ಹಿಂತಿರುಗುವಾಗ ಟ್ಯಾಕ್ಸಿ ಕಿಂಗ್ಸ್ ಸರ್ಕಲ್ ದಾಟಿದ ಮೇಲೆ ನಾನೇ ಬಾಯಿ ಬಿಟ್ಟೆ.

"ನಿಮಗ ಯಾವಾಗಿಂದ ಗೊತ್ತಿತ್ತು?"

"ಹನ್ನೊಂದು ದಿನ ಆತು."

"ಕುಕ್ಕರ್ ಕೂಗುವಾಗ ಸುದ್ದಾ ಕೇಳಸ್ತಿತ್ತೇನು?"

"ಯಾರ್ಡಿನೊಳಗ ಮಗ್ಗಲದಾಗ ಇಂಜಿನ್ ಸೀಟಿ ಹೊಡೀತಿದ್ದವು. ಆವಾಗೂ ಕೇಳಸ್ತಿತ್ತು."

"ಮತ್ತ ಬಾಯಿ ಬಿಟ್ಟು ಹೇಳಬಾರದಾ?"

"ಹೇಳಿದ್ರ ನೀ ಕೇಳ್ತಿದ್ದೀ ಏನು? ಅದೂ ಅಲ್ಲದ, ಚಟ್ನಿ ಛಲೋ ಆಗ್ತಿದ್ದವು."

ನಾನು ಕಿಟಕಿಯ ಹೊರಗೆ ನೋಡಿದೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ಹೇಳದ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಕಟ್ಟಿ, ಮೂರನೆಯ ಸಲ ಹೊರಗೆ ಹಾಕಿದೆ.

"ನೀವು ಹೇಳಿದ್ದು ಖರೆ. ಕೆಳಗಿನ ಮನಿ ತಗೊಳ್ಳೂಣು."

ಕಾಶಿನಾಥರು ತಮ್ಮ ಎರಡೂ ಮೊಣಕಾಲುಗಳನ್ನು ಅಂಗೈಯಿಂದ ಮೆಲ್ಲಗೆ ಸವರಿಕೊಂಡರು, ಒಳ್ಳೆಯ ಸುದ್ದಿ ತಿಳಿಸುವ ಹಾಗೆ.

ಬಿಲ್ಡಿಂಗಿನ ಬಾಗಿಲಲ್ಲಿ ವಾರಿಜಾ ನಿಂತಿದ್ದಳು. ಪಕ್ಕದಲ್ಲಿ ಕುರ್ಚಿಯಲ್ಲಿ ಅಪ್ಪಿ. ನಾನು ಊರುಗೋಲಿನ ಮೇಲೆ ನಿಂತು, ವೇದಿಕೆಯ ಮೇಲೆ ನಿಂತವಳಂತೆ ಗಂಟಲು ಸರಿಮಾಡಿಕೊಂಡು ಹೇಳಿದೆ:

"ವಾರಿಜಾ, ನಾವು ಸೋತೆವು. ಮನೆ ಅದಲು ಬದಲಿಗೆ ನಮ್ಮ ಒಪ್ಪಿಗೆಯಿದೆ. ಇವತ್ತೇ ಸಾಮಾನು ಇಳಿಸೋಣ."

ವಾರಿಜಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಅಯ್ಯೋ ಮೇಡಮ್. ಹೇಗೆ ಹೇಳುದು ನಿಮಗೆ. ನಮಗೆ ಬೇಡ ಅಂತ ಆಯ್ತು."

"ಬೇಡವೇ?"

"ಅತ್ತೆ ಒಪ್ಪುದಿಲ್ಲ. ಮಳೆನೀರಾದ್ರೆ ವರ್ಷಕ್ಕೆ ನಾಲ್ಕು ದಿನ ಬರ್ತದೆ, ಹೋಗ್ತದೆ ಅಂತಾರೆ."

"ಆದರೆ ಒಂದು ತಿಂಗಳಿಂದ ನೀವೇ ಅಲ್ಲವೇ ಕಾದದ್ದು?"

ಅಪ್ಪಿ ಕುರ್ಚಿಯಿಂದಲೇ ಉತ್ತರಿಸಿದರು. ಅವರ ಧ್ವನಿಯಲ್ಲಿ ಕೊಂಕಿರಲಿಲ್ಲ. ಕಂಡದ್ದನ್ನು ಹೇಳುವ ಧ್ವನಿ.

"ಒಂದು ತಿಂಗಳು ನಾನು ಇಲ್ಲೇ ಕೂತು ನೋಡಿದ್ದಲ್ಲವಾ ಟೀಚರಮ್ಮಾ. ಇಷ್ಟು ಕಲಿತವರು ನೀವು. ಮೊದಲು ಸೀದಾ ಇಳೀತಿದ್ರಿ. ಮತ್ತೆ ಹಿಂದೆ ಹಿಂದೆ ಇಳಿದ್ರಿ. ಈಗ ನೋಡಿದ್ರೆ ಕಾಲೇ ಕಟ್ಟಿಸಿಕೊಂಡು ಬಂದ್ರಿ. ಆ ಮೆಟ್ಟಿಲು ನಿಮಗೇ ಹೀಗೆ ಮಾಡಿದ್ರೆ, ನನಗೆ ಎಂತ ಮಾಡ್ಲಿಕ್ಕಿಲ್ಲ?"

"ಅದು ಮೆಟ್ಟಿಲಿನಿಂದ ಆದದ್ದಲ್ಲ," ಎಂದೆ. "ಬೂಟಿನಿಂದ."

"ಹೋ," ಎಂದರು ಅಪ್ಪಿ.

ನಾನು ಕಾಶಿನಾಥರ ಕಡೆ ತಿರುಗಿದೆ. ಮೂವತ್ತು ದಿನ ಈ ಮನುಷ್ಯನ ಮುಖದಲ್ಲಿ ಸೋಲು ಕಾಣಬೇಕೆಂದು ನಾನು ಓಡಿದ್ದೆ. ಈಗ ಅದು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ಎರಡೂ ಮೊಣಕಾಲುಗಳ ಸಮೇತ. ಅವರು ಒಮ್ಮೆ ಮೆಟ್ಟಿಲುಗಳ ಕಡೆ ನೋಡಿ ಉಸಿರುಬಿಟ್ಟು, ನನ್ನ ಕೈಯಿಂದ ಊರುಗೋಲು ತೆಗೆದುಕೊಂಡರು.

"ಗೆದ್ದೀ ನೋಡು," ಎಂದರು. "ನಾಲ್ಕನೇ ಮಾಳಗಿ ನಿಂದೇ. ನಡೀ."

ಕಟಕಟೆ ಹಿಡಿದು ನಾನು ಮೊದಲ ಮೆಟ್ಟಿಲಿನ ಮೇಲೆ, ಮೇಲಿನ ಮೆಟ್ಟಿಲುಗಳಿಗೆ ಬೆನ್ನು ಮಾಡಿ ಕುಳಿತೆ. ಎಡಗಾಲಿನ ಗಾದಿಬೂಟನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಅಂಗೈ ಊರಿ, ಎರಡನೆಯ ಮೆಟ್ಟಿಲಿಗೆ ಏರಿದೆ. ಅಪ್ಪಿ ಚೆನ್ನಾಗಿ ಕಾಣುವಂತೆ ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡರು. ನಾನು ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಮೊಣಕಾಲು ನೋವಿನ ಕಾಶಿನಾಥರು ಮೇಲೆ ಬೀಗ ತೆಗೆದು ಚಹಾಕ್ಕೆ ನೀರಿಟ್ಟ ಸಪ್ಪಳ ಕೇಳಿಸಿತು. ನಾನು ಮನೆಯನ್ನು ಉಳಿಸಿಕೊಂಡೆ, ಅದರಲ್ಲಿ ಅನುಮಾನವಿಲ್ಲ. ಎಪ್ಪತ್ತೆರಡು ಮೆಟ್ಟಿಲುಗಳನ್ನೂ ಒಂದೊಂದಾಗಿ, ಕುಳಿತುಕೊಂಡೇ ಗೆದ್ದೆ.